ಕಲ್ಲಿನ ಮೇಲಿನ ಆ ಬಿಳಿ ಜಲಪಾತ ಬಣ್ಣ ಬಳಿದದ್ದಾ?

ಜಪಾನಿನ ಸುಯಿಸೆಕಿ, ಅಂದರೆ ಬೆಟ್ಟ, ಜಲಪಾತಗಳ ನೋಟ ಕಾಣಿಸುವ, ಪೀಠದ ಮೇಲಿಟ್ಟು ನೋಡುವ ಸಹಜ ಕಲ್ಲುಗಳ ಚಿತ್ರ ನೋಡಿದವರೆಲ್ಲ ಕೇಳುವುದು ಇದನ್ನೇ: ಅಂಗೈಯಗಲದ ಕಪ್ಪು ಬೆಟ್ಟದಿಂದ ಇಳಿಯುವ ಆ ಬಿಳಿ ಧಾರೆ ನಿಜವಾಗಿ ಕಲ್ಲಿನದೇನಾ?

ಒಳ್ಳೆಯ ಕಲ್ಲಾದರೆ ಕಲ್ಲಿನದೇ. ನೆಲದಾಳದಲ್ಲಿ ಬಂಡೆ ಬಿರಿದು, ಖನಿಜ ಕರಗಿದ ಬಿಸಿನೀರು ಆ ಬಿರುಕಿಗೆ ನುಗ್ಗಿ, ಹೊತ್ತು ತಂದದ್ದನ್ನು ಅಲ್ಲೇ ಇಳಿಸುತ್ತದೆ. ಸಿಲಿಕಾ ಇಳಿದರೆ ನಮಗೆ ಗೊತ್ತಿರುವ ಬೆಣಚುಕಲ್ಲು; ಸುಣ್ಣದಂಶ ಇಳಿದರೆ ಕ್ಯಾಲ್ಸೈಟ್. ಇಂಥವು ತಾಕಿ-ಇಶಿ, ಅಂದರೆ ಜಲಪಾತದ ಕಲ್ಲು. ದಾರದಷ್ಟು ತೆಳು ಗೆರೆಯಿದ್ದರೆ ಇತೊದಾಕಿ, ಬಟ್ಟೆ ಇಳಿಬಿಟ್ಟಂತಿದ್ದರೆ ನುನೊದಾಕಿ. ಬಿಳಿಯೇ ಇಲ್ಲದೆ ಬರೀ ಕೊರಕಲಿದ್ದರೆ ಕಾರೆದಾಕಿ, ಬತ್ತಿದ ಜಲಪಾತ.

ಅನುಮಾನ ಬಂದರೆ ಮೊದಲು ಕಲ್ಲನ್ನು ಮರದ ಪೀಠದಿಂದ ಎತ್ತಿ ಮಗುಚಿ. ನಮಗೆ ಗೆರೆಯಾಗಿ ಕಾಣುವುದು ಕಲ್ಲಿನೊಳಗೆ ಹೊಕ್ಕ ಒಂದು ಹಾಳೆಯ ಅಂಚು. ಹಾಗಾಗಿ ಅದು ಸಾಮಾನ್ಯವಾಗಿ ಹಿಂಬದಿಯಲ್ಲೋ ತಳದಲ್ಲೋ ಮತ್ತೆ ತಲೆಯೆತ್ತುತ್ತದೆ, ಇಲ್ಲವೇ ಕೂದಲೆಳೆಯಷ್ಟು ಸಣ್ಣಗಾಗಿ ಮುಗಿಯುತ್ತದೆ. ಎದುರಿಗೆ ಮಾತ್ರ ಇದ್ದು ಥಟ್ಟನೆ ನಿಂತರೆ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿಯಿರಿ. ಬಣ್ಣವಾದರೆ ಸಣ್ಣ ಗುಳಿಗಳಲ್ಲಿ ಮಡುಗಟ್ಟಿರುತ್ತದೆ. ಅಸಿಟೋನ್ ಅದ್ದಿದ ಹತ್ತಿಗೆ ಅಂಟಿ ಬಂದರಂತೂ ಕೇಳುವುದೇ ಬೇಡ. ಯಾವ ಖನಿಜ ಎಂದು ತಿಳಿಯಲು ತಳದಲ್ಲಿ ಮಾತ್ರ ಚಾಕುವಿನಿಂದ ಗೀರಿ: ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕ್ಯಾಲ್ಸೈಟಿನದು 3, ಅದು ಗೀರಾಗುತ್ತದೆ; ಬೆಣಚಿನದು 7, ಚಾಕುವೇ ಸೋಲುತ್ತದೆ.

ಈ ವ್ಯತ್ಯಾಸ ತಿಳಿಯದೆ ತೊಳೆಯಲು ಹೊರಟಾಗಲೇ ಅನಾಹುತ. ಜಪಾನಿನ ವಾಕಾಯಾಮಾ ಪ್ರಾಂತ್ಯದ ಫುರುಯಾ-ಇಶಿ ಎಂಬ ಕಲ್ಲು ಜೇಡಿಮಣ್ಣು ಮೆತ್ತಿಕೊಂಡು ನೆಲದಿಂದ ಬರುತ್ತದೆ. ಬೇಗ ಮುಗಿಯಲೆಂದು ಆಮ್ಲದಲ್ಲಿ ಅದ್ದಿದರೆ ಮಣ್ಣಿಗಿಂತ ಮೊದಲು ಕ್ಯಾಲ್ಸೈಟ್ ನೊರೆಯೆದ್ದು ಕರಗುತ್ತದೆ; ಜಲಪಾತ ಹೋಗಿ ಚರಂಡಿ ಉಳಿಯುತ್ತದೆ. ನೀರಲ್ಲಿ ನೆನೆಹಾಕಿ, ಬಿದಿರಿನ ಕಡ್ಡಿಯಿಂದ ಕೆದಕುವುದೇ ಸರಿ. ಹಿತ್ತಾಳೆ ತಂತಿಯ ಬ್ರಷ್ಷೂ ಬೇಡ, ಗಡಸು ಕಲ್ಲು ಅದನ್ನೇ ಸವೆಸಿ ಹಳದಿ ಗೆರೆ ಹಚ್ಚಿಕೊಳ್ಳುತ್ತದೆ.

ಗೆರೆಯಷ್ಟೇ ಮುಖ್ಯವಾದದ್ದು ಮೈ. ಸೆತಾ ನದಿಯ ಕೆಲವು ಕಲ್ಲುಗಳಲ್ಲಿ ಜಪಾನಿ ಪೇರಳೆ ಹಣ್ಣಿನ ಸಿಪ್ಪೆಯಂಥ ತರಿ, ಅದಕ್ಕೆ ನಾಶಿಜಿ ಎನ್ನುತ್ತಾರೆ. ಕ್ಯೋಟೊದ ಕಾಮೊ ನದಿ ಕಡೆಯ ಕಲ್ಲುಗಳಲ್ಲಿ ಜಾಗುರೆ ಎಂಬ ಒರಟು ಹಳ್ಳದಿಣ್ಣೆ. ಯಾವುದೇ ಇರಲಿ, ಹೊಳೆಯ ಕಲ್ಲಿನ ಉಬ್ಬು ಸವೆದಿರಬೇಕು, ಹಳ್ಳದ ಒಳಗು ಕೊಂಚ ಒರಟಾಗಿ ಉಳಿದಿರಬೇಕು. ಎರಡೂ ಒಂದೇ ಸಮ ಮಿರುಗಿದರೆ ಯಂತ್ರದ ಕೈ ಆಡಿದೆ ಎಂದೇ ನನ್ನ ಲೆಕ್ಕ.

ಗಿಫುವಿನ ನೆಒದಾನಿಯ ಸೇವಂತಿಗೆ ಕಲ್ಲು, ಕಿಕ್ಕಾ-ಸೆಕಿ, ಬೇರೆಯೇ ಜಾತಿ. ಅದರ ಹೂವು ಹೊರಬರುವುದೇ ಕೊರೆದು ಉಜ್ಜಿದಾಗ, ಅಲ್ಲಿ ಹೊಳಪು ತಪ್ಪಲ್ಲ. ಆ ಬಂಡೆಯಿರುವ ಜಾಗ 1952ರಿಂದ ಜಪಾನಿನ ವಿಶೇಷ ನೈಸರ್ಗಿಕ ಸ್ಮಾರಕ.

ಉಳಿದವಕ್ಕೆ ಹೊಳಪು ಬರಬೇಕಾದದ್ದು ಯೋಸೆಕಿಯಿಂದ: ಬಿಸಿಲಲ್ಲಿಟ್ಟು ದಿನಾ ನೀರು ಹೊಯ್ಯುತ್ತ, ಆಗಾಗ ಮಗ್ಗುಲು ಬದಲಿಸುತ್ತ ವರ್ಷಗಟ್ಟಲೆ ಕಾಯುವುದು. ಎಣ್ಣೆ ಸವರಿದರೆ ಅದೇ ದಿನ ಕಪ್ಪು ಏರುತ್ತದೆ, ನಿಜ. ಆದರೆ ಮೈಯ ರಂಧ್ರಗಳಲ್ಲಿ ಧೂಳು ಕಚ್ಚಿ ಕೂರುತ್ತದೆ, ಬಿಳಿ ಧಾರೆ ಹಳದಿಗೆ ತಿರುಗುತ್ತದೆ, ಆಮೇಲೆ ಎಷ್ಟು ನೀರು ಹೊಯ್ದರೂ ಜಾರಿ ಹೋಗುತ್ತದೆ.