ಮೂವತ್ತೊಂದು ವರ್ಷ, ಇನ್ನೂರು ಮುನ್ನೂರು ಜನ

ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚ್‌ಗೆ ಜನ ಜಾಸ್ತಿ ಹೋಗುವುದು ಫೋಟೋಗೆ. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಏರಿದಾಗ ಅರ್ಧ ಮುಳುಗುತ್ತದಲ್ಲ, ಅದೇ ಚರ್ಚ್. ನಾನು ಅಲ್ಲಿಗೆ ಹೋದದ್ದು ಇನ್ನೂರು ವರ್ಷ ಹಳೆಯ ಕೆಲವು ಪತ್ರಗಳನ್ನು ತಲೆಯಲ್ಲಿ ತುಂಬಿಕೊಂಡು. ಬರೆದವರು ಅಬ್ಬೆ ದುಬ್ವಾ, ಫ್ರಾನ್ಸಿನ ಕ್ಯಾಥೊಲಿಕ್ ಪಾದ್ರಿ. ಜೊತೆಗೆ ನನ್ನ ಸೋದರಮಾವ ಇದ್ದರು. ಕಾರು ಅವರದ್ದು, ಪ್ರಶ್ನೆಗಳೂ ಅವರದ್ದೇ.

"ಈ ಚರ್ಚ್ ಕಟ್ಟಿಸಿದ್ದು ಅವರೇನಾ?" ಎಂದು ದಾರಿಯಲ್ಲೇ ಕೇಳಿದರು. ಅಲ್ಲ. ಇದು 1860ರ ಸುಮಾರಿನದು. ದುಬ್ವಾ 1823ರಲ್ಲೇ ಊರಿಗೆ ವಾಪಸ್ ಹೋಗಿದ್ದರು. ಆದರೆ ಪಕ್ಕದ ಸಾತಳ್ಳಿಗೂ ಅವರಿಗೂ ನಂಟಿದೆ. ಕ್ರೈಸ್ತರಾದ ಬಡ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟದ್ದು ಅಲ್ಲಿ.

ದುಬ್ವಾ ಭಾರತಕ್ಕೆ ಹಡಗು ಹತ್ತಿದ್ದು 1792ರಲ್ಲಿ. ಫ್ರಾನ್ಸಿನಲ್ಲಿ ಕ್ರಾಂತಿ ನಡೆಯುತ್ತಿತ್ತು, ಪಾದ್ರಿಗಳ ತಲೆಗೇ ಕುತ್ತು ಬಂದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರನ್ನು ಮೈಸೂರು ಸೀಮೆಗೆ ಕರೆಸಿಕೊಂಡರು. ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವುದು ಕೆಲಸ. ಅವರು ಇಲ್ಲಿನವರ ಹಾಗೆಯೇ ಬಟ್ಟೆ ತೊಟ್ಟರು, ಪೇಟ ಸುತ್ತಿದರು, ಇಲ್ಲಿನವರ ಹಾಗೇ ಬದುಕಿದರು. ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದ ದಿನಗಳಲ್ಲಿ ಊರೂರು ಸುತ್ತಿ ಸಾವಿರಾರು ಜನಕ್ಕೆ ಹಾಕಿಸಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎನ್ನುತ್ತಿದ್ದರಂತೆ.

ಹಿನ್ನೀರು ಆ ದಿನ ಇಳಿದಿತ್ತು. ಗೋಡೆಗಳ ಬುಡದವರೆಗೂ ನಡೆದುಕೊಂಡೇ ಹೋಗಬಹುದಿತ್ತು. ಒಂದು ಕಡೆ ಮದುವೆಗೆ ಮುಂಚಿನ ಫೋಟೋ ಶೂಟ್, ಇನ್ನೊಂದು ಕಡೆ ಚುರುಮುರಿ ತಿನ್ನುತ್ತಿದ್ದ ಹುಡುಗರ ಗುಂಪು. ಬೆಲ್ಲ, ಮೊಟ್ಟೆ ಬೆರೆಸಿದ ಗಾರೆ ಅಂತ ಒಬ್ಬರು ನಾವು ಕೇಳದೆಯೇ ಹೇಳಿದರು. ಹಳೇ ಕಟ್ಟಡ ಎಲ್ಲೇ ಇರಲಿ, ಬೆಲ್ಲ ಮೊಟ್ಟೆಯ ಕಥೆ ಇದ್ದೇ ಇರುತ್ತದೆ ಬಿಡಿ. ನಾವು ನೆರಳಿರುವ ಗೋಡೆ ಹುಡುಕಿ ಕೂತೆವು. ನಾನು ಮೊಬೈಲ್ ತೆಗೆದು ಮಾವನಿಗೆ ಪತ್ರಗಳ ಸಾರ ಹೇಳತೊಡಗಿದೆ.

1823ರಲ್ಲಿ ಲಂಡನ್‌ನಲ್ಲಿ ಅಚ್ಚಾದ ಪತ್ರಗಳು ಅವು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿ ಏನು ಅನ್ನುವುದೇ ವಿಷಯ. ಮಿಷನರಿಗಳ ಪತ್ರ ಎಂದರೆ ನನ್ನ ಮನಸ್ಸಿನಲ್ಲಿ ಒಂದು ಅಚ್ಚು ಇತ್ತು. ಊರಲ್ಲಿ ದೇಣಿಗೆ ಕೊಟ್ಟವರು ಓದಬೇಕು, ಓದಿ ಇನ್ನಷ್ಟು ಕೊಡಬೇಕು. ಅದಕ್ಕೆ ಬೇಕಾದಷ್ಟು ಕಷ್ಟ, ಕೊನೆಗೊಂದು ಗೆಲುವು. ದುಬ್ವಾ ಬರೆದದ್ದು ಇದಕ್ಕೆ ಪೂರ್ತಿ ಉಲ್ಟಾ. ಈ ದೇಶದಲ್ಲಿ ಮತಾಂತರ ಆಗದ ಮಾತು ಎಂದರು. ಇಷ್ಟು ವರ್ಷದಲ್ಲಿ, ಒಬ್ಬ ದೇಶೀ ಪಾದ್ರಿಯ ಸಹಾಯವೂ ಇದ್ದು, ನಾನು ಮತಾಂತರ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು ಅಷ್ಟೇ ಎಂದರು. ಅದರಲ್ಲೂ ಹೆಚ್ಚಿನವರು ಗತಿಯಿಲ್ಲದೆ, ಇಲ್ಲವೇ ಮದುವೆಯಂಥ ಯಾವುದೋ ಸ್ವಂತ ಕಾರಣಕ್ಕೆ ಬಂದವರು ಅಂತ.

"ಅಬ್ಬಾ, ಇಷ್ಟು ನೇರವಾಗಿ ಯಾರು ಬರೀತಾರೆ ಕಣೋ" ಎಂದರು ಮಾವ. ಅವರು ಬ್ಯಾಂಕಿನಲ್ಲಿ ಇದ್ದವರು. ಗುರಿ ಮುಟ್ಟದ ವರ್ಷದ ವರದಿಯನ್ನು ಹೇಗೆ ಬರೆಯುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಬೈಬಲ್ ಹಂಚುವ ಪ್ರಾಟೆಸ್ಟೆಂಟರ ಉತ್ಸಾಹವನ್ನೂ ದುಬ್ವಾ ಬಿಡಲಿಲ್ಲ. ಮನೆಬಿಟ್ಟ ಮಗ ವಾಪಸ್ ಬಂದ ಖುಷಿಗೆ ಅಪ್ಪ ಕೊಬ್ಬಿದ ಕರು ಕಡಿಸುವ ಕಥೆ ಇದೆಯಲ್ಲ. ಅದನ್ನು ಹಿಂದೂಗಳ ಕೈಗೆ ಹಾಗೇ ಕೊಟ್ಟರೆ ಅವರು ಪುಸ್ತಕವನ್ನೇ ದೂರ ಇಡುತ್ತಾರೆ ಅನ್ನುವುದು ಅವರ ವಾದ. ಇಲ್ಲಿ ಮಾವ ಜೋರಾಗಿ ನಕ್ಕರು.

ಇಷ್ಟು ಕೇಳಿ ದುಬ್ವಾ ಸತ್ಯಸಂಧ ಎಂದುಕೊಂಡುಬಿಡುವುದು ಸುಲಭ. ಆದರೆ ತಕರಾರು ಇರುವುದೇ ಅಲ್ಲಿ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಇದೇ ದುಬ್ವಾ ಒಂದು ದೊಡ್ಡ ಗ್ರಂಥ ಕೊಟ್ಟಿದ್ದರು. ಹೆಸರು ಬಂದದ್ದೂ ಅದರಿಂದಲೇ. ಮೈಸೂರಿನ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿದರು. ಈಸ್ಟ್ ಇಂಡಿಯಾ ಕಂಪನಿ ಹಸ್ತಪ್ರತಿಯನ್ನು 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಬಂತು. ಜಾತಿ, ಮಡಿ, ಮದುವೆ ಎಂದು ನಮ್ಮವರೂ ಅದನ್ನು ಉದ್ಧರಿಸಿದ್ದೇ ಉದ್ಧರಿಸಿದ್ದು. 1987ರಲ್ಲಿ ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮುರ್ ಅದರ ಮೂಲ ಹುಡುಕಿ ತೆಗೆದರು. ಪುದುಚೇರಿಯಲ್ಲಿದ್ದ ಜೆಸ್ಯೂಟ್ ಪಾದ್ರಿ ಕೂರ್ದೂ ಬರೆದಿಟ್ಟದ್ದರ ಮೇಲೆ ದುಬ್ವಾ ತಮ್ಮ ಪುಸ್ತಕ ಕಟ್ಟಿದ್ದರು. ಕೂರ್ದೂ ತೀರಿಕೊಂಡದ್ದು 1779ರಲ್ಲಿ. ಕೇಳಲು ಅವರು ಇರಲಿಲ್ಲ.

"ಹಾಗಾದ್ರೆ ಕದ್ದದ್ದು ಅಲ್ವಾ?"

ಆ ಕಾಲದಲ್ಲಿ ಒಬ್ಬರ ಟಿಪ್ಪಣಿಯನ್ನು ಇನ್ನೊಬ್ಬರು ಬಳಸುವುದು ಮಾಮೂಲು ಎಂದೆ. ಮಾವ ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಪ್ಪಿಗೆಯಿಲ್ಲ. 2,000 ವರಹ ಎಣಿಸಿಕೊಳ್ಳುವಾಗ ಕೂರ್ದೂ ಹೆಸರು ಹೇಳಬಹುದಿತ್ತು. ಆದರೂ ನನಗೆ ಆ ಗ್ರಂಥಕ್ಕಿಂತ ಪತ್ರಗಳೇ ಹೆಚ್ಚು. ಗ್ರಂಥದಲ್ಲಿ ಎಲ್ಲ ಬಲ್ಲ ಪಂಡಿತರ ದನಿ. ಪತ್ರಗಳಲ್ಲಿ ಕೆಲಸ ಕೈಗೂಡದೆ ಬೇಸತ್ತ ಮನುಷ್ಯ ಕಾಣುತ್ತಾರೆ. ಅಲ್ಲಿ ನಮ್ಮ ಜನರ ಮೇಲೆ ಸಿಡುಕಿದೆ, ಕೆಲವು ಮಾತು ಓದಿದರೆ ಮೈ ಉರಿಯುತ್ತದೆ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಸೋಲನ್ನು ಬೇರೆಯವರ ಕಾಗದದಿಂದ ಎತ್ತಿ ಬರೆಯಲು ಆಗುತ್ತಿರಲಿಲ್ಲ.

ವಾಪಸ್ ಬರುವಾಗ ಸಾತಳ್ಳಿ ಕಡೆ ಕಾರು ತಿರುಗಿಸಿದೆವು. ಹೊಲದ ಬದಿಯಲ್ಲಿ ಜೋಳದ ಕಟ್ಟು ಇಳಿಸುತ್ತಿದ್ದ ಅಜ್ಜಿಗೆ ದುಬ್ವಾ ಹೆಸರು ಹೇಳಿದೆ. "ಯಾವ ಸ್ವಾಮಿ? ಈಗಿರೋರಾ?" ಎಂದರು. ಹಳಬರು, ತುಂಬಾ ಹಳಬರು ಎಂದೆ. "ಹಂಗಾದ್ರೆ ಗೊತ್ತಿಲ್ಲಪ್ಪ. ಮಳೆ ಬರಂಗಿದೆ, ಒಂದು ಕೈ ಕೊಡಿ" ಎಂದರು. ಮಾವನೂ ನಾನೂ ಕಟ್ಟು ಹೊತ್ತೆವು.

ದುಬ್ವಾಗೆ ಉತ್ತರವಾಗಿ ಜೇಮ್ಸ್ ಹೌ ಎಂಬ ಇಂಗ್ಲಿಷ್ ಪಾದ್ರಿ 1824ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರು ಕೆಲಸ ಮಾಡಿದ್ದು ತಿರುನೆಲ್ವೇಲಿ ಕಡೆ. ಈಗ ಅದನ್ನು ಹಿಡಿದಿದ್ದೇನೆ. ಮಾವ ಆಗಲೇ ಫೋನ್ ಮಾಡಿ, ಆ ಕಡೆಯವರು ಏನಂತಾರೆ ಎಂದು ವಿಚಾರಿಸಿದ್ದಾರೆ.