ಹೊಸದೆಲ್ಲ ಅಲ್ಲೇ ಯಾಕೆ ಹುಟ್ಟುತ್ತೆ ಮೇಷ್ಟ್ರೇ?

ಪ್ರತಿ ವರ್ಷ ಅಡ್ಮಿಷನ್ ಹೊತ್ತಿಗೆ ಈ ಪ್ರಶ್ನೆ ಬರುತ್ತದೆ. ನಾನು ಶಿವಮೊಗ್ಗದಲ್ಲಿ ಪಾಲಿಟೆಕ್ನಿಕ್ ಮೇಷ್ಟ್ರು, ಮೆಕ್ಯಾನಿಕಲ್ ವಿಭಾಗ. ಹೊಸನಗರದಿಂದಲೋ ಸೊರಬದಿಂದಲೋ ಮಗನನ್ನು ಸೇರಿಸಲು ಬಂದ ಅಪ್ಪ ಫೀಸಿನ ರಸೀದಿ ಮಡಚಿ ಜೇಬಿಗಿಟ್ಟುಕೊಂಡು ಕೇಳುತ್ತಾರೆ: "ನಮ್ಮಲ್ಲಿ ನೀರಿದೆ, ಕರೆಂಟಿದೆ, ಓದಿದ ಹುಡುಗರಿದ್ದಾರೆ, ಈಗ ನೆಟ್ಟೂ ಇದೆ. ಹೊಸದು ಏನೇ ಹುಟ್ಟಿದರೂ ಬೆಂಗಳೂರಲ್ಲಿ, ಇಲ್ಲಾಂದ್ರೆ ಅಮೆರಿಕದ ಅದೇ ಒಂದು ಮೂಲೆಯಲ್ಲಿ. ಯಾಕೆ ಮೇಷ್ಟ್ರೇ?" ಆಫೀಸಿನ ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಉತ್ತರ ಅಡಿಕೆಯಿಂದ ಶುರುವಾಗುತ್ತದೆ.

ಅಡಿಕೆ ಬೇಯಿಸುವ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಅಡಿಕೆಗೆ ಬಣ್ಣ ಕೊಡುವ ಚೊಗರಿಗೆ ಒಂದು ಹದ ಇದೆ. ಎಷ್ಟು ಹೊತ್ತು ಬೇಯಿಸಬೇಕು, ಎಷ್ಟು ಚೊಗರು ಹಾಕಬೇಕು ಅಂತ ಕಾಗದದಲ್ಲಿ ಬರೆದುಕೊಡಬಹುದು. ಆದರೆ ಬಣ್ಣ ಕೂತಿತೋ ಇಲ್ಲವೋ ಎಂಬುದನ್ನು ಹಂಡೆಯ ಪಕ್ಕ ನಿಂತು, ಗೊತ್ತಿದ್ದವರು "ಈಗ ತೆಗಿ" ಅಂದಾಗ ನೋಡಿಯೇ ಕಲಿಯಬೇಕು. ಯಾವ ಕಸುಬಿನಲ್ಲೂ ಮೊದಲ ದಿನಗಳು ಹೀಗೇ. ಹೊಸ ತಂತ್ರಜ್ಞಾನ ಅಂದರೆ ಇನ್ನೂ ಪುಸ್ತಕಕ್ಕೆ ಇಳಿಯದ ಹದ. ಪುಸ್ತಕಕ್ಕೆ ಇಳಿದ ಮೇಲೆ ಅದು ಎಲ್ಲಿಗೆ ಬೇಕಾದರೂ ಹೋಗುತ್ತದೆ, ನೆಟ್ಟಿನಲ್ಲೂ ಸಿಗುತ್ತದೆ. ಇಳಿಯುವ ತನಕ ಮಾತ್ರ ಅದು ಒಂದಷ್ಟು ಜನರ ಕೈಯಲ್ಲಿರುತ್ತದೆ, ಆ ಜನ ಇದ್ದಲ್ಲೇ ಇರುತ್ತದೆ.

ಆ ಅಮೆರಿಕದ ಮೂಲೆಯನ್ನೇ, ಈಗ ಸಿಲಿಕಾನ್ ವ್ಯಾಲಿ ಅನ್ನುವ ಜಾಗವನ್ನೇ ನೋಡಿ. ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿ 1956ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಲ್ಯಾಬ್ ತೆರೆದರು. ಸುತ್ತಮುತ್ತ ಆಗ ಹಣ್ಣಿನ ತೋಟಗಳು. ಅಲ್ಲಿಗೇ ಬರಲು ಒಂದು ಕಾರಣ, ಅವರ ತಾಯಿ ಹತ್ತಿರದ ಪಾಲೋ ಆಲ್ಟೋದಲ್ಲಿ ಇದ್ದರು. ಮರುವರ್ಷವೇ ಎಂಟು ಜನ ಅವರ ಜೊತೆ ಏಗಲಾರದೆ ಕೆಲಸ ಬಿಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಕಂಪನಿ ಕಟ್ಟಿದರು. ಆ ಎಂಟರಲ್ಲಿ ಇಬ್ಬರು, ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್, 1968ರಲ್ಲಿ ಅದನ್ನೂ ಬಿಟ್ಟು ಇಂಟೆಲ್ ಶುರು ಮಾಡಿದರು. ಫೇರ್‌ಚೈಲ್ಡ್ ಬಿಟ್ಟ ಇನ್ನು ಕೆಲವರು 1969ರಲ್ಲಿ ಎಎಂಡಿ ಎಂಬ ಚಿಪ್ ಕಂಪನಿ ಕಟ್ಟಿದರು. ಇವರೆಲ್ಲ ಕಂಪನಿ ಬಿಟ್ಟರು, ಊರು ಬಿಡಲಿಲ್ಲ. ಆ ಕಾಲದ ಎಲೆಕ್ಟ್ರಾನಿಕ್ ಚಿಪ್‌ಗಳಲ್ಲಿ ತಯಾರಿಸುವಾಗಲೇ ಕೆಟ್ಟುಹೋಗುತ್ತಿದ್ದವೇ ಹೆಚ್ಚು. ಯಾಕೆ ಕೆಡುತ್ತಿವೆ ಅಂತ ಬೇರೆಬೇರೆ ಕಂಪನಿಯವರು ಸಂಜೆ ವ್ಯಾಗನ್ ವೀಲ್ ಎಂಬ ಬಾರಿನಲ್ಲಿ ಕೂತು ಮಾತಾಡಿಕೊಳ್ಳುತ್ತಿದ್ದರು. ಹದ ಹಾಗೆ ಮೇಜಿನಿಂದ ಮೇಜಿಗೆ ದಾಟಿತು.

ಕಾನೂನೂ ಅವರ ಕಡೆಗಿತ್ತು. "ನಮ್ಮಲ್ಲಿ ಬಿಟ್ಟ ಮೇಲೆ ಇದೇ ಕೆಲಸವನ್ನು ಬೇರೆಲ್ಲೂ ಮಾಡಕೂಡದು" ಎಂಬ ಕರಾರು ಕ್ಯಾಲಿಫೋರ್ನಿಯಾದಲ್ಲಿ 1872ರಿಂದಲೂ ನಿಲ್ಲುವುದಿಲ್ಲ. ಅಮೆರಿಕದ ಇನ್ನೊಂದು ತುದಿಯ ಬಾಸ್ಟನ್ ಸುತ್ತ ಎಂಐಟಿ, ಹಾರ್ವರ್ಡ್ ಎಂಬ ಎರಡು ದೊಡ್ಡ ವಿಶ್ವವಿದ್ಯಾಲಯಗಳಿದ್ದವು, ದೊಡ್ಡ ಕಂಪ್ಯೂಟರ್ ಕಂಪನಿಗಳಿದ್ದವು. ಆದರೆ ಅಲ್ಲಿ ಅಂಥ ಕರಾರು ನಡೆಯುತ್ತಿತ್ತು. ಕಂಪನಿಗಳೂ ಎಲ್ಲವನ್ನೂ ತಮ್ಮ ಗೋಡೆಯೊಳಗೇ ಮಾಡಿಕೊಳ್ಳುತ್ತಿದ್ದವು. 1980ರ ದಶಕ ಮುಗಿಯುವ ಹೊತ್ತಿಗೆ ಬಾಸ್ಟನ್ ಹಿಂದೆ ಬಿದ್ದಿತ್ತು. ಅದಕ್ಕೇ ನಾನು ಹೇಳುವುದು, ಬರೀ ಬುದ್ಧಿವಂತರು ಸೇರಿದರೆ ಸಾಲದು. ಬಿಟ್ಟು ಹೋದವನು ಅದೇ ಬೀದಿಯಲ್ಲಿ ಅಂಗಡಿ ತೆರೆಯುವ ಹಾಗಿರಬೇಕು.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ, ಇದು ನನಗೆ ನೋವಿನ ವಿಷಯ. ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣ ಕರಗುತ್ತಿತ್ತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಮರದ್ದು, ಹಿಂದಿದ್ದದ್ದು ವಿಶ್ವೇಶ್ವರಯ್ಯನವರ ಹಟ. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. 1948ರಲ್ಲಿ ಜೋಗದ ಕರೆಂಟು ಬಂತು. ಇಷ್ಟೆಲ್ಲ ಇದ್ದ ಊರು ಯಾಕೆ ಹೊಸ ಹೊಸ ಕಾರ್ಖಾನೆಗಳ ತವರಾಗಲಿಲ್ಲ? ನನ್ನ ತೀರ್ಮಾನ ಇದು: ಕಬ್ಬಿಣ ಬಲ್ಲವನಿಗೆ ಇದ್ದದ್ದು ಒಂದೇ ಗೇಟು. ಒಳಗಿದ್ದರೆ ಕ್ವಾರ್ಟರ್ಸು, ಪಿಂಚಣಿ, ಮರ್ಯಾದೆ. ಹೊರಗೆ ಬಂದರೆ ಅವನ ಕೈಗುಣಕ್ಕೆ ಬೆಲೆ ಕಟ್ಟುವ ಇನ್ನೊಬ್ಬನಿಲ್ಲ. ಭದ್ರಾವತಿ ದಾರಿಯ ಮಾಚೇನಹಳ್ಳಿಯ ಫೌಂಡ್ರಿಗಳನ್ನು ನೋಡಿದಾಗ ಮಾತ್ರ ನನಗೆ ಸಮಾಧಾನ. ಅಲ್ಲಿ ಗೇಟುಗಳು ಹಲವು. ಎರಕದ ಹದ ಬಲ್ಲ ಹುಡುಗ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಹುದು.

ಬೆಂಗಳೂರಿಗೆ ಒದಗಿದ್ದೂ ಇದೇ. 1909ರಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆ ಅನ್ನುವ ಟಾಟಾ ಇನ್‌ಸ್ಟಿಟ್ಯೂಟ್, 1940ರಲ್ಲಿ ವಿಮಾನದ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, ಆಮೇಲೆ ಯಂತ್ರ ಮಾಡುವ ಎಚ್‌ಎಂಟಿ, ಎಲೆಕ್ಟ್ರಾನಿಕ್ಸಿನ ಬಿಇಎಲ್. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬರುವ ಹೊತ್ತಿಗೆ ಅಲ್ಲಿ ಎರಡು ತಲೆಮಾರು ನುರಿತ ಜನ ತಯಾರಾಗಿದ್ದರು. ತಂಪು ಹವೆಯಿಂದ ಬೆಂಗಳೂರು ಬೆಳೆಯಿತು ಅನ್ನುವವರಿಗೆ ನಾನು ಆಗುಂಬೆ ತೋರಿಸುತ್ತೇನೆ.

ಹಾಗಂತ ಮಲೆನಾಡಿನಲ್ಲಿ ಏನೂ ಹುಟ್ಟುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಹಿಂದೆ ಕೊಯ್ಲಿನ ಕಾಲದಲ್ಲಿ ರಾತ್ರಿಯಿಡೀ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದೆವು, ಮುಯ್ಯಾಳು ಬರುತ್ತಿದ್ದರು. ಜನ ಸಿಗದಂತಾದಾಗ ಸುಲಿಯುವ ಯಂತ್ರ ಬಂತು. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಶೆಡ್ಡಿನಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ತೋಟದವರೊಬ್ಬರು ಅರ್ಧ ಚೀಲ ಕಾಯಿ ತಂದು ಸುರಿದರು. "ನೋಡು ಮಾರಾಯ, ಸಣ್ಣದು ಸುಲಿಯದೆ ಹಾಗೇ ಬರ್ತದೆ, ದೊಡ್ಡದಕ್ಕೆ ಗಾಯ ಆಗ್ತದೆ. ಗಾಯದ ಅಡಿಕೆಗೆ ರೇಟು ಎಲ್ಲಿ?" ಮಾಲೀಕ ಬ್ಲೇಡಿನ ಸಂದು ಹಿಗ್ಗಿಸಿದ, ಕುಗ್ಗಿಸಿದ, ಹೊಂದಲಿಲ್ಲ. ಕೆಲಸಕ್ಕಿದ್ದ ಹುಡುಗ ಮೂಲೆಯಿಂದ ಹಳೇ ಬೈಕಿನ ಕ್ಲಚ್ ಸ್ಪ್ರಿಂಗ್ ತಂದು ಬ್ಲೇಡಿನ ಹಿಂದೆ ಕೂರಿಸಿದ. ದೊಡ್ಡ ಕಾಯಿ ಬಂದರೆ ಬ್ಲೇಡ್ ತಾನೇ ಹಿಂದೆ ಸರಿಯಿತು, ಸಣ್ಣದಕ್ಕೆ ಮುಂದೆ ಬಂತು. ತೋಟದವರು ಅಲ್ಲೇ ಇದ್ದರು, ಅಡಿಕೆ ಅಲ್ಲೇ ಇತ್ತು, ಒಂದು ಗಂಟೆಯಲ್ಲಿ ಹತ್ತು ಸಲ ತಿದ್ದಿ ನೋಡಿದರು. ಈ ಯಂತ್ರ ಬೇರೆಲ್ಲಿ ಹುಟ್ಟಲು ಸಾಧ್ಯವಿತ್ತು? ಎರಡು ವರ್ಷದ ನಂತರ ಆ ಹುಡುಗ ಅದೇ ರಸ್ತೆಯಲ್ಲಿ ತನ್ನದೇ ಶೆಡ್ ಹಾಕಿದ. ಹಳೇ ಮಾಲೀಕರು ಮೊದಲು ಸಿಟ್ಟಾದರು, ಆಮೇಲೆ ಅವರೇ ವೆಲ್ಡಿಂಗ್ ಮೆಷಿನ್ ಕೊಟ್ಟು ಕಳಿಸಿದರು.

ನಮಗೆ ಕೊರತೆ ಇರುವುದು ಸೋತವನಿಗೆ ಸಿಗುವ ಎರಡನೇ ಅವಕಾಶದಲ್ಲಿ. ನನ್ನ ಒಬ್ಬ ಹಳೇ ವಿದ್ಯಾರ್ಥಿಯ ಮೊದಲ ಯಂತ್ರ ನಡೆಯಲಿಲ್ಲ. ಎರಡನೆಯದಕ್ಕೆ ಸಾಲ ಕೇಳಲು ಒಂದು ಬ್ಯಾಂಕಿಗೆ ನಾನೇ ಜೊತೆಗೆ ಹೋಗಿದ್ದೆ. ಮೊದಲನೆಯದರ ಲೆಕ್ಕ ನೋಡಿಯೇ ಫೈಲು ಮುಚ್ಚಿದರು. ಅವನು ಈಗ ಬೆಂಗಳೂರಿನ ಪೀಣ್ಯದಲ್ಲಿದ್ದಾನೆ.

ಹಾಗಾದರೆ ಮಗನನ್ನು ಕಳಿಸುವುದೋ ಬೇಡವೋ ಅಂತ ಅಪ್ಪಂದಿರು ಕೇಳುತ್ತಾರೆ. ಕಳಿಸಿ ಅಂತಲೇ ಹೇಳುತ್ತೇನೆ. ತೈವಾನಿನ ಸರ್ಕಾರ 1980ರಲ್ಲಿ ಶಿಂಚು ಎಂಬಲ್ಲಿ, ಎರಡು ವಿಶ್ವವಿದ್ಯಾಲಯಗಳ ಪಕ್ಕದಲ್ಲಿ, ವಿಜ್ಞಾನ ಪಾರ್ಕ್ ಕಟ್ಟಿ ಅಮೆರಿಕಕ್ಕೆ ಹೋದ ತನ್ನವರನ್ನು ಕರೆಯಿತು. ಅಮೆರಿಕದ ಕಂಪನಿಗಳಲ್ಲಿ ದಶಕಗಳ ಕಾಲ ದುಡಿದ ಮೋರಿಸ್ ಚಾಂಗ್ 1987ರಲ್ಲಿ ಟಿಎಸ್‌ಎಂಸಿ ಎಂಬ ಚಿಪ್ ಕಂಪನಿ ಶುರು ಮಾಡಿದ್ದು ಅಲ್ಲೇ. ಹೋದವರ ಕೈಯಲ್ಲಿ ಹದ ಇರುತ್ತದೆ. ಬಂದಾಗ ನಿಲ್ಲಲು ನಾವು ಜಾಗ ಮಾಡಿಟ್ಟಿರಬೇಕು.

ನನ್ನ ಕೈಲಾದದ್ದು ಸಣ್ಣದು. ಶನಿವಾರ ಮಧ್ಯಾಹ್ನ ಕಾಲೇಜಿನ ವರ್ಕ್‌ಶಾಪನ್ನು ಹೊರಗಿನವರಿಗೂ ತೆರೆದಿಡಲು ಅನುಮತಿ ಪಡೆದಿದ್ದೇನೆ. ಮೊದಲ ವಾರ ಯಾರೂ ಬರಲಿಲ್ಲ. ಮೊನ್ನೆ ಐದು ಜನ ಬಂದಿದ್ದರು. ಅದರಲ್ಲಿ ಇಬ್ಬರು ಅಡಿಕೆ ಯಂತ್ರ ಮಾರುವವರು, ಒಂದೇ ಗಿರಾಕಿಗಾಗಿ ಪೈಪೋಟಿ ಮಾಡುವವರು. ಬ್ಲೇಡಿನ ಬಾಯಿ ಯಾಕೆ ಬೇಗ ಸವೆಯುತ್ತದೆ ಅಂತ ಲೇತಿನ ಪಕ್ಕ ನಿಂತು ಇಬ್ಬರೂ ವಾದಕ್ಕೆ ಬಿದ್ದರು. ಆರು ಗಂಟೆಗೆ ಬೀಗ ಹಾಕಬೇಕಿತ್ತು. ನಾನು ಏಳೂವರೆಯ ತನಕ ಹಾಕಲಿಲ್ಲ.