ಹೊನ್ನೆಮರಡುವಿನಲ್ಲಿ ಮೊದಲ ಹುಟ್ಟು

ಭೂಮಿ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಆರಕ್ಕೆ ನಾನೂ ಅಕ್ಕನ ಮಗನೂ ಸಾಗರದಿಂದ ಹೊರಟೆವು. ಹಿಂದಿನ ದಿನ ನಸುಕಿನಲ್ಲಿ ಚರಗ ಬೀರಿಸಿಕೊಂಡ ಗದ್ದೆಗಳು ಹೊಡೆ ತುಂಬಿ ನಿಂತಿದ್ದವು. ಜೋಗದ ರಸ್ತೆ ಬಿಟ್ಟು ಎಡಕ್ಕೆ ತಿರುಗಿದ ಮೇಲೆ ಕಾಡು ಮೈಮೇಲೆ ಬಂದಂತಾಯಿತು. ಲಿಂಗನಮಕ್ಕಿಯ ಹಿನ್ನೀರು ತುಂಬಿ ನಿಂತಿರುವಾಗ ಕಯಾಕ್ ಇಳಿಸಬೇಕು ಎಂಬುದು ಹುಡುಗನ ಹಟ. ಊರಿಗೆ ಬಂದದ್ದು ಹದಿನೈದೇ ದಿನದ ರಜೆಗೆ. ಅದರಲ್ಲಿ ಒಂದು ದಿನವನ್ನು ಶರಾವತಿಗೆ ಕೊಟ್ಟನಲ್ಲ ಎಂದು ನನಗೆ ಸಂತೋಷ.

ಅವನು ಮೂರು ವರ್ಷದಿಂದ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಕೆಲಸಕ್ಕಿದ್ದಾನೆ. ದಾರಿಯುದ್ದಕ್ಕೂ ಅಲ್ಲಿಯ ಹೊಳೆಗಳದ್ದೇ ಮಾತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಹೊಳೆಯ ಮೇಲೆ ಜನ ವಾಹನ ಓಡಿಸುತ್ತಾರಂತೆ. ವಸಂತದಲ್ಲಿ ಮೇಲಿನ ಬೆಟ್ಟಗಳ ಹಿಮ ಕರಗಿ ನೀರು ಇಳಿದು ಬಂದಾಗ, ಅದು ಕೆಳಗಿನಿಂದ ಮಂಜುಗಡ್ಡೆಯನ್ನು ಎತ್ತುತ್ತದೆ. ಬಿಸಿಲಿಗೆ ಮೊದಲೇ ಸಡಿಲಾಗಿದ್ದ ಗಡ್ಡೆ ಆಗ ಒಡೆದು ಹೊರಡುತ್ತದೆ.

"ಮಾವ, ನೆನಾನಾ ಎಂಬ ಊರಿನಲ್ಲಿ ತನಾನಾ ನದಿಯ ಮಂಜಿನ ಮೇಲೆ ಒಂದು ಮರದ ಚೌಕಟ್ಟು ನಿಲ್ಲಿಸುತ್ತಾರೆ. ಅದಕ್ಕೂ ದಡದ ಗಡಿಯಾರಕ್ಕೂ ಹಗ್ಗದ ನಂಟು. ಮಂಜು ಕದಲಿ ಹಗ್ಗ ಜಗ್ಗಿದ ಕ್ಷಣ ಗಡಿಯಾರ ನಿಲ್ಲುತ್ತದೆ. ಆ ನಿಮಿಷ ಯಾವುದೆಂದು ಊಹಿಸಿ ಹಣ ಕಟ್ಟುತ್ತಾರೆ, 1917ರಿಂದಲೂ."

ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ಮೊದಲ ಭಾಗ. 2019ರಲ್ಲಿ ಏಪ್ರಿಲ್ 14ಕ್ಕೇ ಕದಲಿತು. ಅಷ್ಟು ಬೇಗ ಹಿಂದೆಂದೂ ಆಗಿರಲಿಲ್ಲ. ಕೇಳುತ್ತ ಕೇಳುತ್ತ ನನಗೆ ಶಿವಮೊಗ್ಗದ ಕೋರ್ಪಲಯ್ಯನ ಮಂಟಪ ನೆನಪಾಯಿತು. ಮಳೆಗಾಲದಲ್ಲಿ ತುಂಗೆಯ ಆ ಮಂಟಪ ಮುಳುಗಿತೇ ಎಂದು ಊರಿಗೆ ಊರೇ ಸೇತುವೆಯ ಮೇಲೆ ಬಂದು ನೋಡುವುದಿಲ್ಲವೇ? ಹೊಳೆಯ ದಿನವನ್ನು ಹೊಳೆಯೇ ಗೊತ್ತುಮಾಡುತ್ತದೆ, ಜನ ಕಾಯುತ್ತಾರೆ. ಅಲ್ಲಿಯೂ ಹಾಗೆ, ಇಲ್ಲಿಯೂ ಹಾಗೆ.

ದಡ ತಲುಪಿದಾಗ ನೀರಿನ ಮೇಲೆ ಇಬ್ಬನಿ ಇನ್ನೂ ಎದ್ದಿರಲಿಲ್ಲ. ನಮ್ಮ ಜೊತೆಗೆ ಬರಬೇಕಾಗಿದ್ದ ದೋಣಿಯ ಹಿರಿಯರು ಹರಿಗೋಲನ್ನು ಮಗುಚಿ ಹಾಕಿ ತಳಕ್ಕೆ ಬಳಿದ ಡಾಂಬರನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು. ಬಿದಿರಿನ ಹೆಣಿಗೆ ಎಲ್ಲಿ ಹುಳ ಹಿಡಿದಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುತ್ತದಂತೆ. ಮಳೆಗಾಲವಿಡೀ ಮಾಡಿನಡಿ ಇದ್ದದ್ದು ಈ ವರ್ಷ ನೀರಿಗಿಳಿಯುತ್ತಿರುವುದು ಅಂದೇ ಮೊದಲು. ಹುಡುಗ ಕಯಾಕ್ ಹತ್ತಿದ. ನಾನು ಹರಿಗೋಲಿನಲ್ಲಿ ಅವರ ಎದುರು ಕುಳಿತೆ.

"ಹತ್ತು ಗಂಟೆಯೊಳಗೆ ತಿರುಗಿ ಬರೋಣ ಮಾರಾಯರೇ. ಆಮೇಲೆ ಗಾಳಿ ಏಳುತ್ತದೆ, ಹರಿಗೋಲು ಮಾತು ಕೇಳುವುದಿಲ್ಲ" ಎಂದರು.

ಹುಟ್ಟು ಹಾಕುತ್ತ ಅವರು ಹುಡುಗನಿಗೆ ಒಂದೇ ಪಾಠ ಹೇಳಿದರು: ನೀರುಕಾಗೆ ಕುಳಿತಲ್ಲಿಗೆ ಹೋಗಬೇಡ. ದೂರಕ್ಕೆ ಹಕ್ಕಿ ನೀರಿನ ಮೇಲೆಯೇ ನಿಂತು ರೆಕ್ಕೆ ಒಣಗಿಸುತ್ತಿದೆ ಎನಿಸುತ್ತದೆ. ಅದರ ಕಾಲ ಕೆಳಗಿರುವುದು ಮುಳುಗಿದ ಮರದ ತುದಿ. ಹಕ್ಕಿ ಕೂರದ ಮರಗಳೂ ಇವೆ, ಅವೇ ಹೆಚ್ಚು ಅಪಾಯ. ಸ್ವಲ್ಪ ದೂರ ಹೋದ ಮೇಲೆ ಅಂಥದ್ದೊಂದನ್ನು ಕಂಡೆ. ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಬೂದು ಬಣ್ಣದ ಬೊಡ್ಡೆ; ತೊಗಟೆ ಎಂದೋ ಹೋಗಿ ಮರದ ಎಳೆಗಳು ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಸೀಳಿಕೊಂಡಿದ್ದವು. ಮೇಲೆ ಪಾಚಿ, ಸಂದಿಯಲ್ಲಿ ಬೆರಳುದ್ದದ ಮೀನುಮರಿಗಳು. ಕೈ ಇಳಿಬಿಟ್ಟು ಮುಟ್ಟಿದೆ. 1964ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಸತ್ತ ಮರ ಅದು. ಇಷ್ಟು ವರ್ಷ ನೀರಿನಲ್ಲಿದ್ದೂ ಗಟ್ಟಿಯಾಗಿಯೇ ಇತ್ತು.

ಹಿರಿಯರ ಹಿಂದಿನ ತಲೆಮಾರು ಈ ನೀರಿನ ಅಡಿಯ ಊರೊಂದರದ್ದು. ಅವರು ಹುಟ್ಟುವ ಹೊತ್ತಿಗೆ ಮುಳುಗಡೆಯಾಗಿ ಮನೆಯವರು ಗುಡ್ಡದ ಮೇಲೆ ಬಂದಿದ್ದರು. ಆದರೂ ಆ ಊರನ್ನು ಅವರು ಬಲ್ಲರು. ಬೇಸಿಗೆಯಲ್ಲಿ ನೀರು ಇಳಿದ ವರ್ಷಗಳಲ್ಲಿ ತಾಯಿ ಅವರ ಕೈ ಹಿಡಿದುಕೊಂಡು ಕೆಸರು ಒಣಗಿದ ಬಯಲಿನಲ್ಲಿ ನಡೆಸಿಕೊಂಡು ಹೋಗಿ ತೋರಿಸುತ್ತಿದ್ದರಂತೆ: ಇದು ಬಾವಿಕಟ್ಟೆ, ಇದು ಅಂಗಳ, ಇಲ್ಲಿ ಒರಳುಕಲ್ಲು. ಅದೇ ಬಯಲಿನಲ್ಲಿ ಇನ್ನೂ ಹಳೆಯದಾದ ಹಿರೇಭಾಸ್ಕರ ಅಣೆಕಟ್ಟೂ ನೀರು ತೀರ ಇಳಿದಾಗ ಮೇಲೆದ್ದು ಕಾಣುತ್ತದೆ. ಹೊಸ ಅಣೆಕಟ್ಟು ಹಳೆಯದನ್ನೇ ನುಂಗಿದ್ದು ಇಲ್ಲಿ. ಈ ನೀರಿನಿಂದಲೇ ಶರಾವತಿಯ ವಿದ್ಯುದಾಗಾರದ 1,035 ಮೆಗಾವಾಟ್ ಯಂತ್ರಗಳು ತಿರುಗುತ್ತವೆ. ರಾಜ್ಯದ ಎಷ್ಟು ಮನೆಗಳಲ್ಲಿ ದೀಪ ಉರಿದಿದೆಯೋ, ಆ ಬೆಳಕಿನ ಬೆಲೆಯಲ್ಲಿ ಈ ಅಂಗಳವೂ ಸೇರಿದೆ ಎಂದು ನಾನು ಮನಸಾರೆ ನಂಬುತ್ತೇನೆ. ಇಲ್ಲಿ ದೋಣಿ ಹತ್ತುವ ಪ್ರತಿಯೊಬ್ಬರಿಗೂ ಹುಟ್ಟು ಕೈಗೆ ಕೊಡುವ ಮುಂಚೆ ಇದನ್ನು ಹೇಳಬೇಕು.

ಹುಡುಗ ಕಯಾಕನ್ನು ಹರಿಗೋಲಿಗೆ ಒರಗಿಸಿ ನಿಂತಿದ್ದ. ಮಂಜು ಒಡೆದ ಮೇಲೆ ಅಲ್ಲಿಯವರು ಕೂಡಲೇ ದೋಣಿ ಇಳಿಸುವುದಿಲ್ಲ ಎಂದ. ತಿರುವಿನಲ್ಲಿ ಗಡ್ಡೆಗಳು ಒಂದರ ಮೇಲೊಂದು ಹತ್ತಿ ಹೊಳೆಗೆ ಅಡ್ಡಗಟ್ಟಿದರೆ ಹಿಂದಿನ ಊರು ಗಂಟೆಗಳಲ್ಲಿ ಮುಳುಗುತ್ತದೆ. 2013ರಲ್ಲಿ ಯೂಕಾನ್ ದಡದ ಗಲೀನಾ ಹಾಗೆಯೇ ಮುಳುಗಿತು. ಗಡ್ಡೆ ಸಾಗಿಹೋದರೂ ನೀರು ಕೊರೆಯುತ್ತಲೇ ಇರುತ್ತದೆ. ಹೊರಗೆ ಒಳ್ಳೆಯ ಬಿಸಿಲಿದೆ ಎಂದು ತೆಳು ಬಟ್ಟೆಯಲ್ಲಿ ಹೋದವನು ಮಗುಚಿ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಕೈ ಹಿಡಿತ ತಪ್ಪುತ್ತದೆ.

ಹಿರಿಯರು ಹುಟ್ಟು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಆ ಮಂಜಿನ ಕೆಳಗೆ ಯಾರದಾದರೂ ಮನೆ ಇರುತ್ತದೆಯೇ?" ಎಂದರು.

"ಇಲ್ಲ ಅಜ್ಜ. ಬರೀ ಹೊಳೆ."

ನಡುಗಡ್ಡೆಯೊಂದರಲ್ಲಿ ಇಳಿದು ಮೊಸರವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ ತಿಂದೆವು. ಗುಡ್ಡದ ನೆತ್ತಿ ಅದು. ಸುತ್ತಲಿನ ಕಣಿವೆ ನೀರಾದ ಮೇಲೆ ದ್ವೀಪವಾಗಿದೆ. ಹುಡುಗ ದಡದಲ್ಲಿ ಕಾಲು ಇಳಿಬಿಟ್ಟು ಕುಳಿತು, ಮೇಲಿನ ನೀರು ಬೆಚ್ಚಗಿದೆ, ಮೊಣಕಾಲಿನ ಕೆಳಗೆ ತಣ್ಣಗಿದೆ ಎಂದು ಎರಡು ಸಲ ಹೇಳಿದ.

ಹೇಳಿದಂತೆ ಹತ್ತರ ಸುಮಾರಿಗೆ ಗಾಳಿ ಎದ್ದಿತು. ಕೊನೆಯ ಅರ್ಧ ದಾರಿಯಲ್ಲಿ ಹರಿಗೋಲು ಸುತ್ತಿ ಸುತ್ತಿ ಹೋಗತೊಡಗಿ, ನಾನೂ ಒಂದು ಹುಟ್ಟು ಹಿಡಿಯಬೇಕಾಯಿತು. ದಡ ಸೇರುವಾಗ ರಟ್ಟೆ ಸೋತಿತ್ತು.

ಹರಿಗೋಲನ್ನು ಮೇಲೆಳೆಯುತ್ತ ಹುಡುಗ ಬಾವಿಕಟ್ಟೆ ನೋಡಲು ಯಾವಾಗ ಬರಬೇಕೆಂದು ಕೇಳಿದ. ಮೇ ತಿಂಗಳು, ಮುಂಗಾರಿಗೆ ಮುಂಚೆ, ಅದೂ ನೀರು ಅಷ್ಟು ಇಳಿದರೆ ಎಂದರು ಹಿರಿಯರು. ತನಾನಾ ಒಡೆಯುವುದೂ ಆಗಲೇ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೊಬೈಲ್ ತೆಗೆದು, "ಬರುತ್ತೇನೆ ಅಜ್ಜ, ನೀರು ಇಳಿದಾಗ ಹೇಳಿ" ಎಂದು ಅವರ ನಂಬರ್ ಬರೆದುಕೊಂಡ.